ಕಿಟಕಿ ಮುಚ್ಚಿದ ಗೋದಾಮಿನ ಅಕ್ಕೋರು

ಅಕ್ಕೋರ ಬಲಗಾಲಿನ ಚಪ್ಪಲಿಯ ಮೂತಿ ಯಾವಾಗಲೂ ಸವೆದಿರುತ್ತಿತ್ತು. ಎಡಗಾಲಿನದು ಹೊಸದರ ಹಾಗೇ ಇರುತ್ತಿತ್ತು. ಬಲಗಾಲನ್ನು ಅವರು ಎತ್ತಿ ಇಡುತ್ತಿರಲಿಲ್ಲ, ನೆಲಕ್ಕೆ ಎಳೆದು, ಹೊರಗಿನಿಂದ ಒಂದು ಸುತ್ತು ಹಾಕಿಸಿ ಇಡುತ್ತಿದ್ದರು. ಇಂಡಿ ಊರಿನ ನಮ್ಮ ಓಣಿಯಲ್ಲಿ ಆ ಸಪ್ಪಳ ಕೇಳಿದರೆ ಸಾಕು, ಹೆಂಗಸರು ಹರಟೆ ನಿಲ್ಲಿಸಿ ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಓಣಿಯ ಅರ್ಧ ಹೆಂಗಸರು, ಅವರು ಕಲಿಸುತ್ತಿದ್ದ ಹೆಣ್ಣುಮಕ್ಕಳ ಸಾಲೆಯಲ್ಲಿ ಅವರ ಕೈಯಿಂದ ಪೆಟ್ಟು ತಿಂದವರು. ಕಾಲು ಕುಂಟು ಎಂದು ಎಲ್ಲರಿಗೂ ಗೊತ್ತಿತ್ತು. ಎಷ್ಟು ಕುಂಟು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಾನು ಅವರ ಪೆಟ್ಟು ತಿಂದವಳಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟದ್ದು ನನ್ನ ತವರು ಝಳಕಿಯಲ್ಲಿ. ಮದುವೆಯಾಗಿ ಇಂಡಿಗೆ ಬಂದ ಮೇಲೆ ಲಿಂಬೆ ಗೋದಾಮಿನಲ್ಲಿ ಕಾಯಿ ಆರಿಸುವ ಕೆಲಸಕ್ಕೆ ಸೇರಿದೆ. ನೆಲದ ಮೇಲೆ ಕೂತು ದೊಡ್ಡದು, ಸಣ್ಣದು, ಹಣ್ಣಾದದ್ದು, ಚುಕ್ಕೆ ಬಿದ್ದದ್ದು ಎಂದು ಬೇರೆ ಬೇರೆ ಗುಂಪು ಹಾಕುವುದು. ಮೂವತ್ತೈದು ವರ್ಷ ಹಾಗೆ ಕೂತೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಎರಡೂ ಮೊಣಕಾಲು ಹಿಡಿದುಕೊಂಡವು. ಕೂತರೆ ಏಳಲು ಇಬ್ಬರು ಬೇಕು, ಎದ್ದರೆ ಮತ್ತೆ ಕೂಡಲಿಕ್ಕಾಗದು. ವಿಜಾಪುರದ ಡಾಕ್ಟರರು ಗುಳಿಗೆ ಬರೆದುಕೊಟ್ಟು, "ಇನ್ನ ಮ್ಯಾಲ ನೆಲಕ್ಕ ಕೂಡಬ್ಯಾಡ್ರಿ" ಅಂದರು. ಕುರ್ಚಿಯ ಮೇಲೆ ಕೂತು ಲಿಂಬೆ ಆರಿಸಿದವರನ್ನು ನಾನು ಎಲ್ಲೂ ನೋಡಿಲ್ಲ. ಗೋದಾಮಿನ ಸಾವುಕಾರರು, "ಮುಂದಿನ ಹಂಗಾಮಿಗೆ ನಿನ್ನ ಸೊಸಿನ್ನ ಕಳಸವಾ" ಅಂದರು. ಸೊಸೆ ಬಂದರೆ ನಾನು ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಒಲೆಯೂ ನೆಲದ ಮೇಲೆಯೇ ಇತ್ತು.

ಅಕ್ಕೋರು ಆಗ ನೌಕರಿಯಿಂದ ನಿವೃತ್ತರಾಗಿ ತಮ್ಮನ ಮನೆಯಲ್ಲಿ ಇದ್ದರು. ಉಪ್ಪಿನಕಾಯಿಗೆ ಲಿಂಬೆ ಒಯ್ಯಲು ಒಂದು ದಿನ ಗೋದಾಮಿಗೆ ಬಂದರು. ನಾನು ಕಂಬ ಹಿಡಿದು ನಿಂತಿದ್ದೆ.

"ಏನ ತಂಗಿ, ಕಂಬಕ್ಕ ಎಮ್ಮಿ ಕಟ್ಟಿದಂಗ ನಿಂತೀಯಲ್ಲ?"

"ಮೊಣಕಾಲ ಬಗ್ಗವಲ್ದ್ರಿ ಅಕ್ಕೋರ."

ಅವರು ಮೊಣಕಾಲು ನೋಡಲಿಲ್ಲ, ನನ್ನ ಮುಖ ನೋಡಿದರು. "ಬಗ್ಗವಲ್ದೋ, ಬಗ್ಗಸಾಕ ನೀ ಅಂಜಾಕತ್ತಿಯೋ?"

"ಎರಡೂ ಒಂದ ಅಲ್ಲೇನ್ರಿ?"

"ಅಲ್ಲ. ಬಗ್ಗಲಾರದ್ದು ಬ್ಯಾರೆ ಇರತೈತಿ."

ಅಷ್ಟಂದು ಲಿಂಬೆ ಆರಿಸತೊಡಗಿದರು. ನಿಂತೇ, ಸೊಂಟದಿಂದ ಬಾಗಿ. ಎಂಟು ದಿನ ಆಗುವುದರೊಳಗೆ ಸಾವುಕಾರರನ್ನು ಒಪ್ಪಿಸಿ, ಮಧ್ಯಾಹ್ನ ಎರಡು ಗಂಟೆಗೆ ಅವರು ಊಟಕ್ಕೆ ಹೋದಾಗ ಗೋದಾಮಿನಲ್ಲಿ ಹೆಂಗಸರಿಗೆ ಯೋಗ ಹೇಳಿಕೊಡುವುದೆಂದು ಗೊತ್ತು ಮಾಡಿಬಿಟ್ಟರು. ಹತ್ತು ಮಂದಿ ಸೇರಿದೆವು. ಯೋಗ ಅಂದರೆ ಏನೆಂದು ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಈಗಲೂ ಪೂರ್ತಿ ಗೊತ್ತಿಲ್ಲ.

ಬೇಸಿಗೆ. ಮೇಲೆ ತಗಡು. ಹಮಾಲರು ಹೊರಗೆ ಬೇವಿನ ನೆರಳಿಗೆ ಮಲಗಿರುತ್ತಿದ್ದರು, ನಮಗೋ ಕಾಲು ಎತ್ತಿ ಇಳಿಸಲು ಸೀರೆ ಕಚ್ಚೆ ಹಾಕಬೇಕಿತ್ತು. ಅದಕ್ಕೇ ಬಾಗಿಲು, ಎರಡೂ ಕಿಟಕಿ ಮುಚ್ಚಿದೆವು. ಒಳಗೆ ರೊಟ್ಟಿ ತಟ್ಟಿ ನೆಲಕ್ಕಿಟ್ಟಿದ್ದರೆ ಬೇಯುತ್ತಿತ್ತು. ಲಿಂಬೆಯ ವಾಸನೆ ಮೂಗಿಗಿಂತ ಕಣ್ಣಿಗೇ ಹೆಚ್ಚು ಹತ್ತುತ್ತಿತ್ತು.

ಅಕ್ಕೋರು ತಾವು ಒಂದೂ ಆಸನ ಮಾಡಿ ತೋರಿಸಲಿಲ್ಲ. ಸಾಲೆಯಿಂದ ತಂದ ಹಳೆಯ ಪಟವೊಂದನ್ನು ಗೋಡೆಗೆ ತೂಗುಹಾಕಿ, ಕಟ್ಟಿಗೆಯ ಪಟ್ಟಿಯಿಂದ ತೋರಿಸುತ್ತಿದ್ದರು. ಪಟದಲ್ಲಿದ್ದ ಗಂಡಸಿನ ಮೈಮೇಲೆ ಚಡ್ಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲ ದಿನ ನಾವು ನಕ್ಕದ್ದೇ ನಕ್ಕದ್ದು. ಮರುದಿನ ಅವರು ಆ ಗಂಡಸಿನ ಮೈಗೆಲ್ಲ ಕಾಗದ ಅಂಟಿಸಿ ತಂದರು. ಕೈ, ಪಾದ, ತಲೆ ಮಾತ್ರ ಕಾಣುತ್ತಿದ್ದವು. ನಡುವೆ ಯಾವ ಕಾಲು ಎತ್ತ ಹೋಗಿದೆ ಎಂದು ತಿಳಿಯದೆ ನಾವು ಬಾಯಿಗೆ ಬಂದಂತೆ ಜಗಳ ಆಡುತ್ತಿದ್ದೆವು.

"ಆ ಪಾದ ಎಡಗಾಲಿಂದ ಐತಿ."

"ಹುಚ್ಚಿ, ಹೆಬ್ಬಟ್ಟು ಎತ್ತಲಾಗ ಐತಿ ನೋಡ."

"ಅವನ ಕಾಲು ಬಿಡ್ರಿ," ಅನ್ನುತ್ತಿದ್ದರು ಅಕ್ಕೋರು, "ನಿಮ್ಮ ಕಾಲು ಎಲ್ಲಿ ಅದಾವು ಹೇಳ್ರಿ. ಉಸಿರು ಬಿಟ್ಟಾಗ ಬಗ್ಗಸ್ರಿ. ಹಿಡಕೊಂಡ ಬಗ್ಗಸಬ್ಯಾಡ್ರಿ."

ಬೆವರು ಒರೆಸಲು ಬಿಡುತ್ತಿರಲಿಲ್ಲ. "ಬಂದ್ರ ಬರಲಿ. ಎಲ್ಲಿಗೆ ಹೊಂಟೈತಿ ನೋಡಕೋತ ಇರ್ರಿ" ಅನ್ನುವರು. ಹಣೆಯಿಂದ ಒಂದು ಹನಿ ಹೊರಟು ಹುಬ್ಬಿಗೆ ಬಂದು ನಿಲ್ಲುತ್ತದೆ, ಆಮೇಲೆ ಮೂಗಿನ ಬದಿಗೆ ಇಳಿಯುತ್ತದೆ, ಗದ್ದದಲ್ಲಿ ತೂಗಾಡುತ್ತದೆ. ಅಷ್ಟು ಹೊತ್ತು ಬೇರೆ ಏನೂ ನೆನಪಾಗುತ್ತಿರಲಿಲ್ಲ ಅನ್ನುವುದು ಖರೆ. ಇದನ್ನೇ ಮನೆಯಲ್ಲೂ ಮಾಡಬೇಕು ಅನ್ನುತ್ತಿದ್ದರು. "ಭಾಂಡೆ ತಿಕ್ಕುವಾಗ ಭಾಂಡೆನ ತಿಕ್ಕಬೇಕು. ಸೊಸಿನ್ನ ಅಲ್ಲ." ಅದು ನನಗೇ ಹೇಳಿದ್ದು. ನಾನು ಒಂದು ವಾರ ನಿಂತಲ್ಲೇ ಬಾಗಿ, ಮನಸ್ಸಿಟ್ಟು ಲಿಂಬೆಯನ್ನಷ್ಟೇ ನೋಡುತ್ತ ಲಿಂಬೆ ಆರಿಸಿದೆ. ಕೈ ನಿಧಾನವಾಗಿ, ಕೆಲಸ ನೋಡುವ ಮುಕಾದಮನಿಂದ ಬೈಸಿಕೊಂಡೆ. ಹೋಗಿ ಅಕ್ಕೋರಿಗೆ ಹೇಳಿದರೆ, "ಬೈಗಳಾ ಪೂರಾ ಕೇಳಿದಿಯೋ ಇಲ್ಲೋ?" ಅಂದರು. ಪೂರಾ ಕೇಳಿದ್ದೆ. ಅದರಿಂದ ಏನಾಯಿತು ಎಂದು ಮಾತ್ರ ತಿಳಿಯಲಿಲ್ಲ.

ಎರಡು ತಿಂಗಳಲ್ಲಿ ನನ್ನ ಮೊಣಕಾಲು ಒಂದಿಷ್ಟು ಸಡಿಲವಾಯಿತು. ಗೋಣಿಚೀಲ ಐದು ಮಡಿಕೆ ಮಾಡಿ ಹಾಕಿದರೆ ಅದರ ಮೇಲೆ ಕೂಡುವಷ್ಟು. ಧಗೆಯಿಂದಲೇ ಸಂದು ಬಿಡುತ್ತಿವೆ ಎಂದು ಯಾರು ಮೊದಲು ಅಂದರೋ, ಬಹುಶಃ ನಾನೇ. ಆಮೇಲೆ ಎಲ್ಲರ ಬಾಯಲ್ಲೂ ಅದೇ. ಸಾವುಕಾರರು ಕನಿಕರಪಟ್ಟು ಒಂದು ಫ್ಯಾನು ತಂದಿಟ್ಟರು. ನಾನೇ ಅದರ ವಾಯರು ಕಿತ್ತಿಟ್ಟೆ. ಧಗೆ ಹೋದರೆ ಗುಣವೂ ಹೋಗುತ್ತದೆ ಎಂಬ ಭಯ. ಅಕ್ಕೋರು ಆ ವಾಯರನ್ನು ನೋಡಿದರು, ನನ್ನನ್ನು ನೋಡಿದರು, ಪಟ್ಟಿ ಎತ್ತಿಕೊಂಡು ಪಟದ ಕಡೆ ಹೋದರು.

ಜೂನಿನ ಮೊದಲ ವಾರ ನಮ್ಮೊಳಗಿನ ಒಬ್ಬಳು, ಹಮಾಲನ ಹೆಂಡತಿ, ಕೈ ಮೇಲೆತ್ತಿದವಳು ಹಾಗೇ ಕುಸಿದು ಬಿದ್ದಳು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಅಕ್ಕೋರು ಕಾಲು ಎಳೆಯುತ್ತ ಓಡಿದ್ದನ್ನು ನಾನು ಅವತ್ತೇ ನೋಡಿದ್ದು. ಕಿಟಕಿಗಳನ್ನು ಪಟ್ಟಿಯಿಂದ ಹೊಡೆದು ತೆಗೆದರು. ಲಿಂಬೆ ಹಿಂಡಿ, ಉಪ್ಪು ಹಾಕಿ ಕುಡಿಸಿದ ಮೇಲೆ ಆಕೆ ಎದ್ದು ಕೂತಳು. ಅಕ್ಕೋರು ಆಕೆಯ ಮುಖ ಒರೆಸಿ ನಮ್ಮ ಕಡೆ ತಿರುಗಿದರು.

"ನಾಳಿಯಿಂದ ಕಿಡಕಿ ತೆಗೆದ ಮಾಡೋದು."

"ಧಗಿ ಇರದಿದ್ರ ಕಾಲು ಹೆಂಗ ಬಗ್ಗತಾವರಿ?" ಅಂದೆ.

"ನಾ ಯಾವಾಗ ಅಂದೀನಿ ಧಗಿ ಬೇಕಂತ? ಹೊರಗ ಗಂಡಸರು ಅದಾರಂತ ಮುಚ್ಚಿದ್ದು. ನೀವ ಧಗಿಗೆ ಗುಣ ಐತಿ ಅಂದ್ರಿ. ನಿನ್ನ ಕಾಲ ಬಗ್ಗಾಕತ್ತಿತ್ತು. ಎಲ್ಲಿ ನಿಂದರತೈತೋ ಅಂತ ನಾ ಸುಮ್ಮನ ಇದ್ದೆ. ಅದು ನನ್ನ ತಪ್ಪ."

ನನಗೆ ಸಿಟ್ಟು ಬಂತು. ಎರಡು ತಿಂಗಳು ಬೆಂದದ್ದು ಸುಮ್ಮನೆಯೇ ಅನ್ನಿಸಿತು. "ಹಂಗಾದ್ರ ನೀವು ಈ ಯೋಗ ಎಲ್ಲಿ ಕಲಿತೀರಿ?" ಎಂದು ಕೇಳಿಬಿಟ್ಟೆ.

"ನೋಡಿ ಕಲಿತೀನಿ."

"ಯಾರನ್ನ?"

"ಕೂಡೋರನ್ನ. ಇಷ್ಟ ವರ್ಷ ಸಾಲಿಯಾಗ ಹುಡುಗ್ಯಾರು ನೆಲಕ್ಕ ಕೂಡೋದು, ಏಳೋದು ನೋಡೀನಿ. ಸಾಲದೇನು?"

ಇದೆಂಥ ಉತ್ತರ ಎಂದು ತಲೆಕೆಟ್ಟು ಮನೆಗೆ ಹೋದೆ. ಕಿಟಕಿ ತೆಗೆಯುತ್ತಾರೆ ಎಂದು ಏಳು ಮಂದಿ ಬರುವುದನ್ನೇ ಬಿಟ್ಟರು. ನಾನು ಬಿಡಲಿಲ್ಲ. ಅಕ್ಕೋರ ಮೇಲಿನ ಭಕ್ತಿಯಿಂದಲ್ಲ, ಸೊಸೆಗೆ ಜಾಗ ಬಿಡಲು ಮನಸ್ಸಿರಲಿಲ್ಲ. ಹೋಗಿ ನೋಡಿದರೆ ತೆರೆದ ಕಿಟಕಿಗಳಿಗೆ ಅಕ್ಕೋರು ತಮ್ಮ ಎರಡು ಹಳೆಯ ಸೀರೆ ಕಟ್ಟಿದ್ದರು. ಗಾಳಿ ಬರುತ್ತಿತ್ತು, ಕಣ್ಣು ಬರುತ್ತಿರಲಿಲ್ಲ. ಇಷ್ಟು ದಿನ ಇದು ಹತ್ತು ಹೆಂಗಸರಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ.

ನಾನು ಬರೀ ನೆಲಕ್ಕೆ ಕೂತು ಎದ್ದದ್ದು ಶ್ರಾವಣದ ಒಂದು ಮಧ್ಯಾಹ್ನ. ಹೊರಗೆ ಜಿಟಿಜಿಟಿ ಮಳೆ, ತಗಡು ತಣ್ಣಗಿತ್ತು. ಅಕ್ಕೋರು ಶಾಬ್ಬಾಸ್ ಅನ್ನಲಿಲ್ಲ. "ಇನ್ನೊಮ್ಮೆ ಕೂಡು" ಅಂದರು. ಆರು ಸಲ ಕೂಡಿಸಿದರು. ಪ್ರತಿ ಸಲವೂ ನನ್ನ ಮೊಣಕಾಲನ್ನು ಹಸಿದವರು ತಾಟು ನೋಡಿದಂತೆ ನೋಡಿದರು. ಮುಂದಿನ ಹಂಗಾಮಿಗೆ ಲಿಂಬೆ ರಾಶಿಯ ಮುಂದೆ ನಾನೇ ಕೂತೆ. ಸೊಸೆಯೂ ಬಂದಳು, ಪಕ್ಕದಲ್ಲಿ.

ಆರೇಳು ವರ್ಷ ಕಳೆದ ಮೇಲೆ, ಪುಣೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದ ಮೊಮ್ಮಗಳು ರಜೆಗೆ ಬಂದಾಗ ಹೇಳಿದಳು, "ಆಯಿ, ಅಲ್ಲಿ ಖೋಲಿ ಮುಚ್ಚಿ, ಹೀಟರ್ ಹಚ್ಚಿ, ಬೆವರ ಹರಿಯುವಂಗ ಯೋಗ ಮಾಡಸ್ತಾರ. ಹಾಟ್ ಯೋಗ ಅಂತಾರ." ನಾನು ಅಂದೇ ಅಕ್ಕೋರ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದರು. ಕೇಳಿ ನನ್ನ ಕಡೆ ಹೊರಳಿದರು.

"ಹಂಗಾದ್ರ ನಾವು ಕಿಡಕಿ ಮುಚ್ಚಿದ್ದು ತಪ್ಪೋ, ತೆಗೆದದ್ದು ತಪ್ಪೋ?"

"ನನಗೇನ ಗೊತ್ತರಿ ಅಕ್ಕೋರ."

"ನನಗೂ ಗೊತ್ತಿಲ್ಲ ತಂಗಿ" ಎಂದು ನಕ್ಕರು.

ಅದಾಗಿ ತಿಂಗಳೊಳಗೆ ಹೋದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಚಕ್ಕಳಮಕ್ಕಳ ಹಾಕಿ ಗೋಡೆಗೆ ಆನಿಸಿ ಕೂಡಿಸುತ್ತೇವೆ. ಬೆಳಗ್ಗೆ ಅವರ ತಮ್ಮನ ಹೆಂಡತಿ ನನ್ನನ್ನು ಕರೆಸಿದರು. ಎಡಗಾಲು ಮಡಚಿತ್ತು. ಬಲಗಾಲು ಮಡಚುತ್ತಿರಲಿಲ್ಲ. "ಹತ್ತ ವರ್ಷದಾಕಿ ಇದ್ದಾಗ ಬಂಡಿಯಿಂದ ಬಿದ್ದಿದ್ರಂತ. ಅವತ್ತಿನಿಂದ ಮೊಣಕಾಲ ಬಗ್ಗೇ ಇಲ್ಲ. ಈ ಮನಿಗೆ ಸೊಸಿಯಾಗಿ ಬಂದಾಗಿಂದ ಅವರು ನೆಲಕ್ಕ ಕೂತದ್ದು ನಾ ನೋಡಿಲ್ಲ" ಅಂದರು ಆಕೆ.

"ಬಿಸಿನೀರ ಹಾಕ್ರಿ, ಸಡಲತೈತಿ" ಅಂದರು ಒಬ್ಬ ಹಿರಿಯರು. ಹಾಕಿದೆವು. ನಾನು ಪಾದ ಹಿಡಿದುಕೊಂಡು ಕೂತೆ. ಉಸಿರು ಬಿಟ್ಟಾಗ ಬಗ್ಗಿಸಬೇಕು. ಅವರದು ಇರಲಿಲ್ಲ, ನನ್ನದನ್ನೇ ಬಿಟ್ಟೆ. ಕಾಲು ಅಲುಗಲಿಲ್ಲ. ಹಿರಿಯರು ಮೊಣಕಾಲಿನ ಮೇಲೆ ಕೈ ಊರಿ, "ಇನ್ನೊಂದೀಟ ಜೋರ ಹಾಕೂಣು" ಅಂದರು. ನಾನು ಆ ಕೈ ತೆಗೆದೆ.

"ಸಾಕರಿ. ಬಗ್ಗಲಾರದ್ದು ಬ್ಯಾರೆ ಇರತೈತಿ."

ಎಡಗಾಲು ಮಡಚಿ, ಬಲಗಾಲು ಮುಂದೆ ಚಾಚಿದ ಹಾಗೇ ಅವರನ್ನು ಕೂಡಿಸಿ ಮೇಲೊಂದು ಶಾಲು ಹೊದಿಸಿದೆವು. ತಾವು ಒಮ್ಮೆಯೂ ಕೂಡದವರು ನನ್ನನ್ನು ಹೇಗೆ ಕೂಡಿಸಿದರು? ಧಗೆಯೋ, ತಂಪೋ, ಕಾಗದ ಅಂಟಿಸಿದ ಆ ಪಟವೋ? ಎಷ್ಟು ಯೋಚಿಸಿದರೂ ನನಗೆ ಹರಿಯುವುದಿಲ್ಲ. ಜನ ಬರುತ್ತಿದ್ದರು, ಹೋಗುತ್ತಿದ್ದರು. ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಹಣೆಯಿಂದ ಬೆವರು ಇಳಿಯುತ್ತಿತ್ತು, ಒರೆಸಲಿಲ್ಲ. ಒಯ್ಯುವ ಹೊತ್ತಾಯಿತು ಎಂದು ಯಾರೋ ನನ್ನನ್ನು ಎಬ್ಬಿಸಲು ಕೈ ಚಾಚಿದರು. ನಾನು ಆ ಕೈ ಹಿಡಿಯದೆ ಎದ್ದೆ.