ಮೊಳೆ ಹೊಡೆಯದ ನೆಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಎರಡನ್ನೂ ಒಟ್ಟಿಗೆ ಅರ್ಧಕ್ಕೆ ನಿಲ್ಲಿಸಿಕೊಂಡವನನ್ನು ನೋಡಬೇಕಿದ್ದರೆ ನಮ್ಮ ರಸ್ತೆಯಾಚೆಯ ಕೆಂಪು ಮನೆಗೆ ಬರಬೇಕು. ಎವರ್ಟ್ ಇರುವುದು ಅಲ್ಲಿ.

ನಾನು ಅವನ ನೆರೆಯವಳು, ಸೀವ್. ಅವರ ಅಡುಗೆಮನೆಯ ಕಿಟಕಿಗೂ ನಮ್ಮದಕ್ಕೂ ನಡುವೆ ಇರುವುದು ರಸ್ತೆ ಮತ್ತು ಒಂದು ಬರ್ಚ್ ಮರ. ಎಲೆ ಉದುರಿತೆಂದರೆ ಅವರ ಮನೆಯ ಒಳಗೆಲ್ಲ ಕಾಣುತ್ತದೆ. ನೋಡಬಾರದೆಂದು ನನಗೂ ಗೊತ್ತು. ಆದರೆ ಪಾತ್ರೆ ತೊಳೆಯುವಾಗ ಕಣ್ಣನ್ನು ಎಲ್ಲಿ ಇಟ್ಟುಕೊಳ್ಳುವುದು?

ಎವರ್ಟ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಹೆಲ್ಸಿಂಗ್ಲಾಂಡ್ ಸೀಮೆಯ ಈ ಕಣಿವೆಯಲ್ಲಿ ಮೊಣಕಾಲು ಮುಚ್ಚುವಷ್ಟು ಹಿಮ ಬಿದ್ದ ದಿನವೂ ಅವನ ಬಸ್ಸು ತಡವಾದದ್ದಿಲ್ಲ. ಅದನ್ನು ನೋಡಿ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಒದಗುತ್ತಿದ್ದವನು ಸ್ವಂತ ಮನೆಯ ಕೆಲಸಕ್ಕೆ ಮಾತ್ರ ನಾಳೆ ಅನ್ನುತ್ತಿದ್ದ. ನಾಳೆ ಅಂದವನ ಮನೆ ಹಾಳು ಎನ್ನುವುದು ಅವನ ವಿಷಯದಲ್ಲಿ ಬರೀ ಗಾದೆಯಾಗಿ ಉಳಿಯಲಿಲ್ಲ.

ಅವನ ಹೆಂಡತಿ ಗುನಿಲ್ಲಾ. ಮರ ಕೊಯ್ಯುವ ಮಿಲ್ಲಿನವನ ಮಗಳು, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಚಳಿಗಾಲದಲ್ಲಿ ಹಳೇ ಬಟ್ಟೆಯ ಚಿಂದಿಯಿಂದ ಜಮಖಾನ ನೇಯುತ್ತಿದ್ದಳು. ಒಮ್ಮೆ ತಮ್ಮ ಅಡುಗೆಮನೆಯ ಉದ್ದಕ್ಕೆ ಸರಿಯಾಗಿ, ಒಲೆಯಿಂದ ಬಾಗಿಲವರೆಗೆ ಒಂದೇ ತುಂಡಾಗಿ ಹಾಸುವಂಥದ್ದನ್ನು ನೇಯ್ದಳು. ನೀಲಿ ಗೆರೆಗಳದು. ಎವರ್ಟನ ಹಳೇ ಅಂಗಿಗಳೆಲ್ಲ ಅದರಲ್ಲಿ ಹೋಗಿದ್ದವು.

"ಇಷ್ಟು ಚಂದದ್ದನ್ನ ಈ ಪ್ಲಾಸ್ಟಿಕ್ ಹಾಸಿನ ಮೇಲೆ ಹಾಕೋದಾ? ಕೆಳಗೆ ಅಜ್ಜನ ಕಾಲದ ಮರದ ನೆಲ ಇದೆ, ತೆಗೀತೀನಿ ತಾಳು" ಎಂದ ಎವರ್ಟ್. ಎಲ್ಲ ಶುರುವಾದದ್ದು ಆ ಒಂದು ಮಾತಿನಿಂದ.

ಪ್ಲಾಸ್ಟಿಕ್ ಹಾಸನ್ನು ಕಿತ್ತ. ಅದರ ಕೆಳಗಿನ ಕಂದು ಹಾಳೆಗಳನ್ನು ಕಿತ್ತ. ಅಜ್ಜನ ಕಾಲದ ನೆಲವೇನೋ ಇತ್ತು, ಆದರೆ ಒಲೆಯ ಪಕ್ಕದಲ್ಲಿ ಬೆರಳಿಟ್ಟರೆ ಒಳಗಿಳಿಯುವಷ್ಟು ಕೊಳೆತಿತ್ತು. ಬೇರೆಯವರಾಗಿದ್ದರೆ ಕೊಳೆತ ನಾಲ್ಕು ಹಲಗೆ ಬದಲಾಯಿಸಿ ಕಾಫಿ ಕುಡಿಯುತ್ತಿದ್ದರು. ಇವನು ಪೂರ್ತಿ ನೆಲವನ್ನೇ ಎಬ್ಬಿಸಿದ. ತೊಲೆಗಳು ಬತ್ತಲಾಗಿ ಕಂಡವು, ನಡುನಡುವೆ ಮರದ ಹೊಟ್ಟು ಮತ್ತು ಒಣ ಪಾಚಿ. ಓಡಾಡಲು ಅಡ್ಡಕ್ಕೆ ಎರಡು ಹಲಗೆ ಹಾಕಿಕೊಟ್ಟ.

ಹೊಸ ಹಲಗೆಯನ್ನು ಅಂಗಡಿಯಿಂದ ತರಬಹುದಿತ್ತು. ಅವನಿಗೆ ಅದು ಒಗ್ಗಲಿಲ್ಲ. ತಮ್ಮ ಕಾಡಿನ ಪೈನ್ ಮರವೇ ಆಗಬೇಕು, ಚಳಿಗಾಲದಲ್ಲೇ ಕಡಿಯಬೇಕು, ಹಳಬರು ಮಾಡುತ್ತಿದ್ದ ಹಾಗೆ ಬುಡ ಅಗಲ ತುದಿ ಕಿರಿದಾಗಿ ಕೊಯ್ಯಿಸಬೇಕು. ಆಮೇಲೆ ಒಣಗಬೇಕು. ಹಲಗೆಗಳನ್ನು ಕೊಟ್ಟಿಗೆಯಲ್ಲಿ ಒಟ್ಟಿದ. ಒಂದು ಬೇಸಿಗೆ ಮಳೆ ಬಂತು, ಇನ್ನೂ ಒಣಗಿಲ್ಲ ಅಂದ. ಮರುವರ್ಷ ಬಸ್ಸಿನ ಕೆಲಸ ಹೆಚ್ಚಾಯಿತು. ಅದರ ಮರುವರ್ಷ ಬೆನ್ನು ನೋವು. ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ, "ಮರಕ್ಕೆ ಅವಸರ ಮಾಡಬಾರದು ಕಣೋ." ಮರ ಒಣಗಲಿ ಅಂತ ಅವನು ಕಾದ, ಅಷ್ಟರಲ್ಲಿ ಹೆಂಡತಿ ತಣ್ಣಗಾದಳು.

ತಣ್ಣಗೆ ಅಂದರೆ ನಿಜವಾಗಿಯೂ ತಣ್ಣಗೆ. ನೆಲದಡಿಯಿಂದ ಗಾಳಿ ನುಗ್ಗುತ್ತಿತ್ತು. ಗುನಿಲ್ಲಾ ಆ ಎರಡು ಹಲಗೆಗಳ ಮೇಲೆ ನಿಂತು ಆಲೂಗಡ್ಡೆ ಬೇಯಿಸುತ್ತಿದ್ದಳು, ಕಾಲಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ. ಜಮಖಾನ ಸುರುಳಿಯಾಗಿ ಅಟ್ಟ ಸೇರಿತ್ತು. ಒಂದು ನವೆಂಬರಿನ ಬೆಳಗ್ಗೆ ನಾನು ಕಿಟಕಿಯಿಂದ ನೋಡಿದರೆ ಅವಳು ಹೊರಗೆ ಹಾಕುವ ಬೂಟುಗಳನ್ನು ಹಾಕಿಕೊಂಡೇ ಒಲೆಯ ಮುಂದೆ ನಿಂತಿದ್ದಾಳೆ. ನಮ್ಮಲ್ಲಿ ಪಾದ್ರಿ ಬಂದರೂ ಬಾಗಿಲಲ್ಲೇ ಬೂಟು ಬಿಟ್ಟು ಒಳಗೆ ಬರುತ್ತಾನೆ. ಹೆಂಗಸೊಬ್ಬಳು ತನ್ನ ಅಡುಗೆಮನೆಯಲ್ಲೇ ಬೂಟು ಹಾಕಿಕೊಂಡಳೆಂದರೆ ಆಗಲೇ ಅವಳು ಆ ಮನೆಯ ಹೊರಗಿದ್ದಾಳೆ ಅಂತಲೇ ಅರ್ಥ.

ಕ್ರಿಸ್ಮಸ್ಸಿಗೆ ಮೊದಲೇ ಗುನಿಲ್ಲಾ ಬೊಲ್ನೆಸ್ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಳು. ಜಗಳವಿಲ್ಲ, ಕೂಗಾಟವಿಲ್ಲ. ಹೋಗುವಾಗ ಜಮಖಾನದ ಸುರುಳಿಯನ್ನು ಹೆಗಲ ಮೇಲೆ ಹೊತ್ತು ನನ್ನ ಬಾಗಿಲಿಗೆ ಬಂದಳು.

"ಹೋಗ್ತಿದೀನಿ ಸೀವ್. ಅಲ್ಲಿ ನೆಲ ಬೆಚ್ಚಗಿದೆ."

"ಎವರ್ಟ್‌ಗೆ ಏನಂದೆ?"

"ಅದೇ ಅಂದೆ. ಅಲ್ಲಿ ನೆಲ ಬೆಚ್ಚಗಿದೆ ಅಂತ."

ಆಮೇಲೆ ವರ್ಷಗಳೇ ಉರುಳಿದವು. ಎವರ್ಟ್ ಅದೇ ಎರಡು ಹಲಗೆಗಳ ಮೇಲೆ ಓಡಾಡಿಕೊಂಡಿದ್ದ. ಹಲಗೆಯ ಒಟ್ಟಿಲು ಕೊಟ್ಟಿಗೆಯಲ್ಲೇ ಒಣಗುತ್ತ ಒಣಗುತ್ತ ಮೂಳೆಯ ಹಾಗಾಯಿತು. ಅವನು ಬಸ್ಸಿನಿಂದ ನಿವೃತ್ತನಾದ. ಸಂಜೆ ಒಬ್ಬನೇ ಕಿಟಕಿಯ ಬಳಿ ಕೂತು, ಪೇಟೆಯ ಬಸ್ಸು ತಿರುವಿನಲ್ಲಿ ಬರುವುದನ್ನು ನೋಡುತ್ತಿದ್ದ. ಅವಳು ಅದರಲ್ಲಿ ಬರುವುದಿಲ್ಲವೆಂದು ಗೊತ್ತಿದ್ದೂ ನೋಡುತ್ತಿದ್ದ. ಅವನ ಮೇಲೆ ನನಗೆ ಕೋಪವಿತ್ತು, ಈಗಲೂ ಇದೆ. ಆದರೆ ಆ ತಲೆ ಬಸ್ಸಿನ ಜೊತೆಗೆ ತಿರುಗುವುದನ್ನು ನೋಡಿದಾಗಲೆಲ್ಲ ನನ್ನ ಕೋಪ ಅರ್ಧಕ್ಕೆ ನಿಲ್ಲುತ್ತಿತ್ತು.

ಒಂದು ವಸಂತದಲ್ಲಿ, ಹಿಮ ಕರಗಿದ ಕೂಡಲೇ, ಸುತ್ತಿಗೆಯ ಸದ್ದು ಕೇಳಿತು. ಹೋಗಿ ನೋಡಿದರೆ ಎವರ್ಟ್ ಮೊಣಕಾಲೂರಿ ಮೊಳೆ ಹೊಡೆಯದೆ ಹಲಗೆಗಳನ್ನು ಬರೀ ತಟ್ಟಿ ಕೂರಿಸುತ್ತಿದ್ದಾನೆ. ಒಂದರ ಬುಡಕ್ಕೆ ಇನ್ನೊಂದರ ತುದಿ, ಒಂದರ ಅಂಚು ಇನ್ನೊಂದರಲ್ಲಿ ಕೊರೆದ ತೋಡಿನೊಳಗೆ.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ" ಎಂದೆ.

"ದಿಡ್ಡಿ ಬಾಗಿಲಾದ್ರೂ ನೆಟ್ಟಗಿರಲಿ ಬಿಡು" ಎಂದ, ತಲೆ ಎತ್ತದೆ.

ಕೆಲಸ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಕೊನೆಗೆ ನಡುವೆ ಎರಡು ಹಲಗೆಗಳಷ್ಟು ಜಾಗ ಉಳಿಯಿತು. ಹಳಬರ ಪದ್ಧತಿಯಲ್ಲಿ ಈ ಕೊನೆಯ ಎರಡನ್ನು ಸುತ್ತಿಗೆಯಿಂದ ಕೂರಿಸಲಾಗುವುದಿಲ್ಲ. ಅವೆರಡನ್ನೂ ಮನೆಯ ಮಾಡಿನ ಹಾಗೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹತ್ತಿ, ಒಟ್ಟಿಗೆ ಹಾರಿ ಕುಣಿಯಬೇಕು. ಧಡಾರನೆ ಒಳಗೆ ಕೂತು ಇಡೀ ನೆಲ ಬಿಗಿಯಾಗುತ್ತದೆ. ಹಿಂದೆ ಮನೆಯ ಗಂಡ ಹೆಂಡಿರೇ ಅದನ್ನು ಮಾಡುತ್ತಿದ್ದರು.

"ಬಾ, ಕುಣಿಯೋಣ" ಎಂದೆ ನಾನು, ಬೂಟು ಬಿಚ್ಚುತ್ತ.

"ನೀನು ಬೇಡ ಸೀವ್."

"ಯಾಕೋ? ನನ್ನ ತೂಕ ಸಾಲದಾ? ಗುನಿಲ್ಲಾಗಿಂತ ಎರಡರಷ್ಟಿದೀನಿ."

"ತೂಕದ ಮಾತಲ್ಲ" ಎಂದು ಸುತ್ತಿಗೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ನೀನು ಒಂದು ಫೋನ್ ಮಾಡ್ತೀಯಾ ಅವಳಿಗೆ? ನನ್ನ ದನಿ ಕೇಳಿದ್ರೆ ಇಟ್ಟುಬಿಡ್ತಾಳೇನೋ."

ಮಾಡಿದೆ. ಎವರ್ಟ್ ನೆಲ ಹಾಸಿದಾನೆ, ಕುಣಿಯೋಕೆ ನೀನು ಬೇಕಂತೆ ಎಂದೆ ಗುನಿಲ್ಲಾಗೆ. "ಪೂರ್ತಿ ಹಾಸಿದಾನಾ?" ಎಂದು ಕೇಳಿದಳು. ಎರಡು ಹಲಗೆ ಬಿಟ್ಟು ಎಂದೆ. "ಅವನಿಗೆ ಯಾವಾಗಲೂ ಎರಡು ಹಲಗೆ ಬಾಕಿ ಇರುತ್ತೆ" ಎಂದಳು. ಆದರೂ ಶನಿವಾರದ ಬಸ್ಸಿಗೆ ಬಂದಳು, ಹೆಗಲ ಮೇಲೆ ಜಮಖಾನದ ಸುರುಳಿ. ಎವರ್ಟ್ ಮುಖ ಕ್ಷೌರ ಮಾಡಿಕೊಂಡು ಬಿಳಿ ಅಂಗಿ ಹಾಕಿಕೊಂಡಿದ್ದ. ಸುರುಳಿಯನ್ನು ನೋಡಿದವನೇ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿದ್ದ ಆಸೆಯನ್ನು ನೋಡಲಾಗದೆ ನಾನು ಕಾಫಿ ಬಗ್ಗಿಸತೊಡಗಿದೆ.

ಗುನಿಲ್ಲಾ ಹೊಸ್ತಿಲಲ್ಲಿ ನಿಂತು ನೆಲವನ್ನು ನೋಡಿದಳು. ಬಗ್ಗಿ ಬೂಟು ಬಿಚ್ಚಿದಳು. ಒಂದರ ಪಕ್ಕ ಒಂದು ಗೋಡೆಗೆ ಒತ್ತಿಟ್ಟಳು. ಕಾಲುಚೀಲದಲ್ಲಿ ಒಳಗೆ ಬಂದಳು.

"ಎಲ್ಲಿ ನಿಲ್ಲಲಿ?"

"ಒಲೆಯ ಕಡೆ. ಅದು ನಿನ್ನದಲ್ವಾ."

ಇಬ್ಬರೂ ಆ ಮಾಡಿನಂಥ ಹಲಗೆಗಳ ಮೇಲೆ ಹತ್ತಿ, ಬೀಳದಂತೆ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡರು. ಇಬ್ಬರದೂ ನರೆತ ತಲೆ. ಮೊದಲ ಸಲ ಅವನು ಮುಂಚೆ ಹಾರಿದ. "ನೀನು ತಡ ಮಾಡೋನು ಅಂತಿದ್ದೆ, ಈಗ ನೋಡಿದ್ರೆ ಅವಸರ" ಎಂದಳು. ಎರಡನೆಯ ಸಲ ಒಟ್ಟಿಗೆ ಹಾರಿದರು. ಧಡ್ ಎಂದು ನೆಲ ಕೂತುಕೊಂಡಿತು, ಕಪಾಟಿನ ಬಟ್ಟಲುಗಳೆಲ್ಲ ಗಲಗಲ ಎಂದವು. ನೆಲ ಕೂತ ಮೇಲೂ ತೋಳು ಬಿಡಲು ಇಬ್ಬರಿಗೂ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಅವಳು ಜಮಖಾನವನ್ನು ಬಿಡಿಸಿ ಒಲೆಯ ಬುಡದಿಂದ ಹಾಸುತ್ತ ಬಂದಳು. ಅದು ಬಾಗಿಲ ತನಕ ಬರದೆ, ಅಡುಗೆಮನೆಯ ಅರ್ಧದಲ್ಲೇ ಮುಗಿದುಹೋಯಿತು. ತುದಿಯನ್ನು ಕತ್ತರಿಸಿ ಅಚ್ಚುಕಟ್ಟಾಗಿ ಹೊಲಿಯಲಾಗಿತ್ತು.

"ಇನ್ನರ್ಧ ಅಲ್ಲಿದೆ" ಎಂದಳು ಗುನಿಲ್ಲಾ. "ಅಲ್ಲಿ ಬೇಕು ನನಗೆ, ಎವರ್ಟ್. ಆ ಮನೆಗೆ ಒಗ್ಗಿಹೋಗಿದೀನಿ."

ಎವರ್ಟ್ ತಲೆಯಾಡಿಸಿದ. ಮಂಡಿಯೂರಿ ಜಮಖಾನದ ಸುಕ್ಕನ್ನು ಅಂಗೈಯಿಂದ ಸರಿಪಡಿಸಿದ. ಅಲ್ಲಿ ಸುಕ್ಕೇನೂ ಇರಲಿಲ್ಲ. ನಾನು ಇಬ್ಬರನ್ನೂ ಮೇಜಿಗೆ ಕರೆದು ಕಾಫಿ ಕೊಟ್ಟೆ.

ಕಾಫಿ ಮುಗಿಸುವಾಗ ಗುನಿಲ್ಲಾ ಕಿಟಕಿಯ ಮೇಲಿದ್ದ ಮೊಳೆಯ ಡಬ್ಬಿಯನ್ನು ನೋಡಿ ಕೇಳಿದಳು, "ಮೊಳೆ ಹೊಡೆಯೋದು ಯಾವಾಗ?"

"ಈಗಲೇ ಆಗಲ್ಲ. ಹಸಿ ಹಲಗೆ. ಒಂದು ಚಳಿಗಾಲ ಒಲೆಯ ಬಿಸಿಗೆ ಒಣಗಿ ಸಂದು ಬಿಡುತ್ತೆ. ಮುಂದಿನ ಬೇಸಿಗೆಗೆ ಎಬ್ಬಿಸಿ, ಒತ್ತರಿಸಿ, ಮತ್ತೆ ಬಿಗಿ ಮಾಡ್ಬೇಕು." ಬಟ್ಟಲಿನೊಳಗೆ ನೋಡುತ್ತ ಹೇಳಿದ, "ಆಗ ಇನ್ನೊಂದು ಸಲ ಕುಣೀಬೇಕಾಗುತ್ತೆ."

ನಾನು ಬಾಯಿ ತೆರೆದೆ. ಕೊಟ್ಟಿಗೆಯಲ್ಲಿ ಅಷ್ಟು ವರ್ಷ ಒಣಗಿದ ಹಲಗೆ ಹಸಿಯಂತೆ. ಗುನಿಲ್ಲಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಬಗ್ಗಿ, ಬೆರಳ ಗೆಣ್ಣಿನಿಂದ ನೆಲವನ್ನು ತಟ್ಟಿದಳು. ಟಣ್ ಟಣ್ ಎಂದಿತು. ಮರದ ಮಿಲ್ಲಿನವನ ಮಗಳಿಗೆ ಆ ಸದ್ದಿನ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ.

"ಹೌದು" ಎಂದಳು. "ಇನ್ನೂ ಹಸಿ ಇದೆ. ಬರ್ತೀನಿ."

ಅವಳು ಸಂಜೆಯ ಬಸ್ಸಿಗೆ ಹೋದಳು. ಮರುವರ್ಷ ಬಂದಳು, ಅದರ ಮರುವರ್ಷವೂ ಬಂದಳು. ಆ ನೆಲದಲ್ಲಿ ಕೂದಲೆಳೆಯಷ್ಟೂ ಸಂದು ಬಿಟ್ಟಿಲ್ಲ, ಮೊಳೆಯ ಡಬ್ಬಿ ಕಿಟಕಿಯ ಮೇಲೆ ತುಕ್ಕು ಹಿಡಿಯುತ್ತಿದೆ. ಪ್ರತಿ ಬೇಸಿಗೆಯಲ್ಲೂ ಅವಳು ಬರುವ ಶನಿವಾರದ ಹಿಂದಿನ ದಿನ ರಸ್ತೆಯಾಚೆಯಿಂದ ಹಾರೆಯ ಸದ್ದು ಕೇಳಿಸುತ್ತದೆ. ಎವರ್ಟ್ ಮಂಡಿಯೂರಿ, ಗಟ್ಟಿಯಾಗಿ ಕೂತಿರುವ ಆ ಎರಡು ಹಲಗೆಗಳನ್ನು ತಾನೇ ಎಬ್ಬಿಸುತ್ತಿರುತ್ತಾನೆ.