ಹಾವಗೆಪ್ಪನ ಬಾರ್‌ಬೆಲ್

ಭಾಲ್ಕಿಯ ಗಂಜ್ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಹಾವಗೆಪ್ಪನಿಗೆ ದೇವರು ದೊಡ್ಡ ಹೊಟ್ಟೆ ಕೊಟ್ಟಿದ್ದ, ಅದಕ್ಕಿಂತ ದೊಡ್ಡ ಬಾಯಿ ಕೊಟ್ಟಿದ್ದ. ನಿಜಾಮನ ಪರವಾದ ರಜಾಕಾರ ಪಡೆಯ ಹಾವಳಿ ಶುರುವಾದ ವರ್ಷ ಔರಾದದಿಂದ ಹೆಂಡತಿಯ ತಮ್ಮ ಬಂದವನು, "ಮಾವಾರ, ನಿಮ್ಮ ಹೊಟ್ಟಿ ನೋಡಿ ರಜಾಕಾರರು ಓಡೋದಿಲ್ಲ ಬಿಡ್ರಿ, ಊಟಕ್ಕ ಕೂಡ್ತಾರ" ಎಂದು ನಕ್ಕುಬಿಟ್ಟ. ಮಾತು ನಾಟಿತು. ಮನೆಯಲ್ಲೇ ತಾಲೀಮು ಶುರುಮಾಡುತ್ತೇನೆಂದು ಹಾವಗೆಪ್ಪ ಬೀದರಿಗೆ ಹೊರಟ.

ಬೀದರಿನ ಕಬ್ಬಿಣದ ವ್ಯಾಪಾರಿ ರಶೀದ ಅಹ್ಮದ ಉದ್ದನೆಯ ಸಲಾಕೆ ತೆಗೆದು, ಎರಡೂ ತುದಿಗೆ ಸಣ್ಣ ಬಿಲ್ಲೆಗಳನ್ನು ಪೋಣಿಸಿ ತೋರಿಸಿದ.

"ಶೇಠಜೀ, ಮೊದಲ ಇಷ್ಟ ಎತ್ರಿ. ಮೈ ಪಳಗಿದಂಗ ಬಿಲ್ಲಿ ಹೆಚ್ಚ ಮಾಡ್ಕೋತ ಹೋಗ್ರಿ."

"ಇದು ಹಾದ್ಯಾಗ ಹೋಗೋರಿಗಿ ಕಾಣಸ್ತದೇನ್ರಿ?"

ಸಲಾಕೆ ನೆಟ್ಟಗಿದೆಯೇ, ಕೈಗೆ ಹಿಡಿತ ಕೂಡುತ್ತದೆಯೇ ಎಂದು ಪುಣ್ಯಾತ್ಮ ನೋಡಲೇ ಇಲ್ಲ. ಅಂಗಡಿಯ ಬಾಗಿಲಲ್ಲಿ ಬಿಲ್ಲೆಗಳನ್ನು ಒಂದೊಂದಾಗಿ ಇಡಿಸಿ, ತಾನು ರಸ್ತೆಯ ಆಚೆ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಎಲ್ಲಕ್ಕಿಂತ ದೊಡ್ಡವೇ ಒಪ್ಪಿಗೆಯಾದವು. ಊರಿಗೆ ಬಂದ ಮೇಲೆ ಬಿಲ್ಲೆ ಯಾರಾದರೂ ಕದ್ದಾರೆಂಬ ಚಿಂತೆ ಹತ್ತಿ, ಕಮ್ಮಾರನಿಂದ ತುದಿಗಳನ್ನು ಕಾಸಿ ಬಡಿಯಿಸಿದ. ಇನ್ನು ಅವು ಕಳಚಿ ಬರುವಂತಿರಲಿಲ್ಲ.

ಒಮ್ಮೆ ಬಾಗಿಲು ಹಾಕಿಕೊಂಡು ಎತ್ತಿ ನೋಡಿದ. ಬಾರ್‌ಬೆಲ್ ಅಲ್ಲಾಡಲಿಲ್ಲ, ಸೊಂಟ ಮಾತ್ರ ಹಿಡಿದುಕೊಂಡಿತು. ಅಲ್ಲಿಂದ ಮುಂದೆ ದಿನಾ ಮೈಗೆ ಎಣ್ಣೆ ಹಚ್ಚಿಕೊಂಡು ಪಡಸಾಲೆಯಲ್ಲಿ ಅದರ ಪಕ್ಕ ಕೂಡುವುದೇ ಅವನ ಕಸರತ್ತು. "ಬರ್ಲಿ, ಒಬ್ಬೊಬ್ರನ್ನ ಎತ್ತಿ ಒಗಿತೇನಿ" ಎಂದು ಹೋಗಿಬರುವವರಿಗೆಲ್ಲ ಹೇಳುವನು. ರಜಾಕಾರರು ಬಂದರೆಂಬ ಸುದ್ದಿ ಎದ್ದಾಗಲೆಲ್ಲ ಹಿತ್ತಲ ಗೋಡೆ ಹಾರಿ ನೆರೆಮನೆಯ ಅಮೀರ ಪಾಶಾನ ಹುಲ್ಲಿನ ಕೋಣೆ ಸೇರುವನು. ಎತ್ತುಗಳನ್ನು ಕೆಡವಿ ಕಾಲಿಗೆ ಲಾಳ ಬಡಿಯುವ ಪಾಶಾ, ಅವನನ್ನು ಬಚ್ಚಿಟ್ಟ ಸಂಗತಿಯನ್ನು ಯಾರ ಮುಂದೂ ಬಾಯಿ ಬಿಡಲಿಲ್ಲ.

೧೯೪೮ರ ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂದು ನಿಜಾಮನ ಆಟ ಮುಗಿಸಿತು. ಸಿಪಾಯಿಗಳು ಮನೆಮನೆಗೆ ನುಗ್ಗಿ ಆಯುಧ ಹುಡುಕತೊಡಗಿದರು. ಹಾವಗೆಪ್ಪ ಹೆದರಿ ಬಾರ್‌ಬೆಲ್ಲಿನ ಮೇಲೆ ಗೋಣಿಚೀಲ ಹೊದಿಸಿದ. ಮುಚ್ಚಿಟ್ಟದ್ದೇ ಸುಬೇದಾರನ ಕಣ್ಣಿಗೆ ಬಿತ್ತು.

"ಇದೇನು, ತೋಪಿನ ಗಾಲಿಯೇ?" ಎಂದು ಹಿಂದಿಯಲ್ಲಿ ಗದರಿದ.

"ಕಸರತ್ ಕಾ ಸಾಮಾನ್, ಸಾಬ್."

"ಕಸರತ್ತಿನದಾದರೆ ಎತ್ತಿ ತೋರಿಸು. ಇಲ್ಲವಾದರೆ ಲಾರಿ ಹತ್ತು."

ಹೊರಗೆ ನಿಂತ ಲಾರಿಯಲ್ಲಿ ಕೂತವರಾರೂ ಮರಳಿ ಬಂದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಬಾಗಿಲಲ್ಲಿ ಜನ ಕೂಡಿತ್ತು. ಎತ್ತಲಾರೆ ಎಂದರೆ ಮಾನ ಹೋಗುತ್ತದೆ, ಎತ್ತದಿದ್ದರೆ ಜೀವ ಹೋಗುತ್ತದೆ. ಆಗ ಹಾವಗೆಪ್ಪನ ಬೆರಳು ತಾನೇ ಎದ್ದು ಪಕ್ಕದ ಮನೆಯತ್ತ ಚಾಚಿತು.

"ಮೇರಾ ನಹೀಂ, ಸಾಬ್. ಅಮೀರ ಪಾಶಾ ಕಾ ಹೈ."

ಆ ದಿನಗಳಲ್ಲಿ ಫೌಜಿನ ಮುಂದೆ ಮುಸಲ್ಮಾನನೊಬ್ಬನ ಹೆಸರು ಹೇಳುವುದೆಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅನುಸೂಯಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡಿದಳು.

ಸಿಪಾಯಿಗಳು ಪಾಶಾನ ತೋಳು ಹಿಡಿದು ಎಳೆತಂದರು. "ನಿನ್ನದೇನು ಇದು?" ಎಂದ ಸುಬೇದಾರ. ಪಾಶಾ ಬಾರ್‌ಬೆಲ್ ನೋಡಿದ, ನೆಲ ನೋಡುತ್ತಿದ್ದ ಹಾವಗೆಪ್ಪನನ್ನು ನೋಡಿದ. ಅಲ್ಲ ಎಂದಿದ್ದರೆ ಬೆಲ್ಲದ ವ್ಯಾಪಾರಿ ಲಾರಿಯಲ್ಲಿರುತ್ತಿದ್ದ.

"ಜೀ ಸಾಬ್, ನಂದೇ" ಎಂದವನೇ ಮೊಣಕಾಲು ಮಡಿಸಿ, ಅದನ್ನು ಎದೆಗೆ ತಂದು, ತಲೆಯ ಮೇಲಕ್ಕೆ ಎತ್ತಿ ಹಿಡಿದ. ಸುಬೇದಾರ ಮೀಸೆಯಲ್ಲೇ ನಕ್ಕು "ಶಾಬಾಸ್" ಎಂದು ಸಿಪಾಯಿಗಳೊಂದಿಗೆ ಮುಂದಿನ ಮನೆಗೆ ನಡೆದ. ಅವರ ಹಿಂದೆ ಲಾರಿ ಖಾಲಿಯೇ ಉರುಳಿತು.

ಪಾಶಾ ಬಾರ್‌ಬೆಲ್ ಮೆಲ್ಲಗೆ ಕೆಳಗಿಟ್ಟ. "ಬಾಗಲಾ ಹಾಕ್ಕೋರಿ ಹಾವಗೆಪ್ಪಣ್ಣ, ಇನ್ನಾ ಫೌಜ್ ತಿರಗಾಡಲಿಕತ್ತದ" ಎಂದಷ್ಟೇ ಹೇಳಿ ಮನೆಗೆ ಹೋದ.

ಹಾವಗೆಪ್ಪನಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಬೆವರು ಒರೆಸಿಕೊಂಡು ಹೆಂಡತಿಯತ್ತ ತಿರುಗಿದ.

"ನೋಡಿದೇನ? ಎತ್ತೋ ಪದ್ಧತೀನೇ ಬರೋದಿಲ್ಲ ಅಂವಗ."

ಅನುಸೂಯಾಬಾಯಿ ಸೆರಗು ತಲೆಗೆ ಎಳೆದುಕೊಂಡು, ಅವನನ್ನು ದಾಟಿ, ಪಾಶಾನ ಮನೆಗೆ ನಡೆದಳು.