ಅಪ್ಪನ ದೊಡ್ಡ ಮಗಳು

ನಮ್ಮಪ್ಪನಿಗೆ ನಾನೊಬ್ಬಳೇ ಮಗಳು. ಆದರೂ ಕಾಲೇಜು ಮುಗಿಸುವ ಹೊತ್ತಿಗೆ ನಾನು ಎರಡನೆಯವಳಾಗಿದ್ದೆ. ಅದು ಹೇಗಾಯಿತು ಎಂದು ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಉರಿದರೆ ಉರಿಯಲಿ, ಮುಚ್ಚಿಟ್ಟು ಯಾರನ್ನು ಮೆಚ್ಚಿಸಬೇಕು?

ಅಪ್ಪ ಶಾಸಕನಾಗಿದ್ದ. ತೊಂಬತ್ತರ ದಶಕದಲ್ಲಿ ಹಲಸೂರಿನ ನಮ್ಮ ಮನೆಯ ಜಗಲಿಗೆ ಹಾಲಿನವನಿಗಿಂತ ಮೊದಲು ಮಾಜಿ ಸೈನಿಕರು ಬಂದು ಕೂತಿರುತ್ತಿದ್ದರು. ಬೇರೆಯವರು ಗೋಡೆಗೆ ಒರಗಿ ಕೂತರೆ ಇವರು ಬೆನ್ನು ನೆಟ್ಟಗಿಟ್ಟುಕೊಂಡು ಕೂರುತ್ತಿದ್ದರು. ಒಬ್ಬರ ಪಿಂಚಣಿ ನಿಂತಿದೆ, ಒಬ್ಬರ ಮಗನಿಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿಲ್ಲ, ತೀರಿಹೋದ ಇನ್ನೊಬ್ಬರ ಹೆಂಡತಿಗೆ ಕೊಡುತ್ತೇವೆಂದ ನಿವೇಶನ ಯಾವ ಕಚೇರಿಯಲ್ಲಿ ನಿದ್ದೆ ಮಾಡುತ್ತಿದೆಯೋ ಗೊತ್ತಿಲ್ಲ. ಅಪ್ಪ ಹರೆಯದಲ್ಲಿ ಸೈನ್ಯಕ್ಕೆ ಸೇರಲು ಹೋಗಿ ಎದೆಯ ಅಳತೆ ಸಾಲದೆ ವಾಪಸು ಬಂದವನು. ಅವರನ್ನು ಕಂಡರೆ ಅವನಿಗೆ ಒಂಥರಾ ಭಕ್ತಿ. ಅವರ ಜೊತೆ ತಾನೇ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ. ಸದನದಲ್ಲಿ ಎದ್ದು ನಿಂತರೆ ಅವರದೇ ಮಾತು. ಯಾರ ಮಗ ಯಾವ ತರಗತಿ, ಯಾರಿಗೆ ಯಾವ ಮಂಡಿ ನೋವು ಎಲ್ಲ ಬಾಯಿಪಾಠ. ಮಗಳು ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ಮಾತ್ರ ಅಮ್ಮನ ಮುಖ ನೋಡುತ್ತಿದ್ದ. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅಮ್ಮ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಹೀಗಿರುವಾಗ ಅಂಥದೊಂದು ಮನೆಯ ಮದುವೆಗೆಂದು ಕೆ.ಆರ್. ಪುರಕ್ಕೆ ಹೋದೆವು. ಹುಡುಗಿಯ ತಂದೆ ಗಡಿಯಲ್ಲಿ ತೀರಿಕೊಂಡಿದ್ದರು. ಧಾರೆ ಎರೆಯಲು ದಂಪತಿ ಬೇಕು, ಗಂಡನಿಲ್ಲದ ತಾಯಿಯನ್ನು ಮಂಟಪಕ್ಕೆ ಕರೆಯುವುದಿಲ್ಲ. ಚಿಕ್ಕಪ್ಪ ಚಿಕ್ಕಮ್ಮ ಎರೆಯುತ್ತೇವೆಂದು ಒಪ್ಪಿದ್ದರಂತೆ, ಕೊನೆಯ ಗಳಿಗೆಯಲ್ಲಿ ಯಾವುದೋ ಜಗಳ ತೆಗೆದು ಹೊರಟುಹೋಗಿದ್ದರು. ಮುಹೂರ್ತ ಹತ್ತಿರ ಬಂದಿತ್ತು. ಉಡುಗೊರೆ ಕೊಟ್ಟು ಊಟ ಮಾಡಿ ಹೊರಡಬೇಕಿದ್ದ ಅಪ್ಪ ಶರಟು ಬಿಚ್ಚಿ, ಶಲ್ಯ ಹೊದ್ದು, ಅಮ್ಮನನ್ನು ಕರೆದುಕೊಂಡು ಹೋಗಿ ಮಂಟಪದಲ್ಲಿ ನಿಂತುಬಿಟ್ಟ. ಧಾರೆ ಎರೆಯುವಾಗ ಅವನ ಕಣ್ಣಲ್ಲಿ ನೀರು. ಎಲ್ಲರೂ ಅದನ್ನು ನೋಡಿ ಕಣ್ಣೊರೆಸಿಕೊಂಡರು. ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ನನ್ನ ಮದುವೆಗೆ ಇಟ್ಟುಕೊಳ್ಳಬೇಕಾದ ಕಣ್ಣೀರನ್ನು ಇವನು ಇಲ್ಲೇ ಸುರಿಸುತ್ತಿದ್ದಾನಲ್ಲ ಎಂದುಕೊಂಡೆ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಹೇಳಿದಳು, "ಧಾರೆ ಎರೆದ್ಮೇಲೆ ಆಯ್ತು, ಇನ್ನು ಆ ಹುಡುಗೀಗೆ ತವರು ಅಂದ್ರೆ ನಮ್ಮನೇನೇ. ಗೌರಿ ಹಬ್ಬಕ್ಕೆ ಬಾಗಿನ ಕಳಿಸ್ಬೇಕು."

"ಕಳಿಸೋದೇನು, ನಾನೇ ತಗೊಂಡ್ಹೋಗ್ತೀನಿ," ಅಂದ ಅಪ್ಪ.

ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಮೊದಲ ಹಬ್ಬಕ್ಕೆ ಗಂಡನೊಡನೆ ನಮ್ಮ ಮನೆಗೆ ಬಂದಾಗ ಜಗಲಿಯಲ್ಲಿ ಕೂತವರಿಗೆಲ್ಲ ಅಪ್ಪ ಅವಳನ್ನು ಪರಿಚಯಿಸಿದ, "ಇವ್ಳು ನನ್ ದೊಡ್ಡ ಮಗಳು." ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋಗಿ ಬಾಗಿಲು ಬಡಿದೆ.

ಸುದ್ದಿ ಹರಡಿತು. ತೀರಿಹೋದ ಸೈನಿಕರ ಹೆಣ್ಣುಮಕ್ಕಳ ಮದುವೆಗಳಲ್ಲಿ ಧಾರೆ ಎರೆಯಲು ನಮ್ಮ ಅಪ್ಪ ಅಮ್ಮನನ್ನೇ ಕರೆಯತೊಡಗಿದರು. ನನ್ನ ಸರದಿ ಬರುವಷ್ಟರಲ್ಲಿ ಅಪ್ಪನ ಕೈ ಚೆನ್ನಾಗಿ ಪಳಗಿತ್ತು. ಪುರೋಹಿತರು ಹೇಳಿಕೊಡುವ ಮೊದಲೇ ಮಂತ್ರ ಹೇಳುತ್ತಿದ್ದ. ಅವರು ಅದನ್ನು ಹೊಗಳಿದರು. ನಾನು ತಲೆ ತಗ್ಗಿಸಿಕೊಂಡೇ ಕಡೆಗಣ್ಣಿನಲ್ಲಿ ನೋಡಿದೆ. ಅವನ ಕಣ್ಣಲ್ಲಿ ಒಂದು ಹನಿ ನೀರಿಲ್ಲ.

ಮದುವೆಯಾಗಿ ನಾನು ಇಂದಿರಾನಗರಕ್ಕೆ ಹೋದೆ. ಪ್ರತಿ ಗೌರಿ ಹಬ್ಬಕ್ಕೂ ಅಪ್ಪ ಬಾಗಿನದ ಮೊರಗಳನ್ನು ಕಾರಿನಲ್ಲಿಟ್ಟುಕೊಂಡು ಬೆಳಗ್ಗೆಯೇ ಹೊರಡುತ್ತಿದ್ದ. ದೂರದವರು ಮೊದಲು, ಹತ್ತಿರದವಳು ಕೊನೆಗೆ. ದೊಡ್ಡನೆಕ್ಕುಂದಿಯಲ್ಲಿದ್ದ ದೊಡ್ಡ ಮಗಳಿಗೆ ಮೊದಲ ಬಾಗಿನ, ನನಗೆ ದೀಪ ಹಚ್ಚುವ ಹೊತ್ತಿಗೆ. ಅಷ್ಟರಲ್ಲಿ ಅವನ ಹೊಟ್ಟೆ ತುಂಬಿರುತ್ತಿತ್ತು. "ಕಾಫಿ ಬೇಡಮ್ಮ, ಎಲ್ಲಾ ಕಡೆ ಕುಡ್ದಾಯ್ತು," ಅನ್ನುತ್ತಿದ್ದ. ಸೀರೆಯೂ ಅಷ್ಟೇ. ಶಿವಾಜಿನಗರದ ಒಂದೇ ಅಂಗಡಿಯಲ್ಲಿ ಒಟ್ಟಿಗೆ ತೆಗೆಸಿದ ಹಸಿರು ಸೀರೆ, ಕೆಂಪು ಅಂಚು, ಎಲ್ಲರಿಗೂ ಒಂದೇ. ಹೊಟ್ಟೆಯಲ್ಲಿ ಹುಟ್ಟಿದವಳಿಗೂ ಅದೇ.

ಒಂದು ವರ್ಷ ಹಬ್ಬದ ಮುಂಚೆ ಅಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಅಪ್ಪನಿಗೆ ಅಧಿವೇಶನ, ಸೈನಿಕರ ವಿಧವೆಯರ ನಿವೇಶನದ ವಿಷಯ ಬಾಗಿನ ಕೊಡಬೇಕಾದ ದಿನವೇ ಬರುವುದಿತ್ತು. ಬಾಗಿನ ಹಂಚುವ ಕೆಲಸ ನನ್ನ ತಲೆಗೆ ಬಂತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಮೊರಗಳಿಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ ತುಂಬುವಾಗ ಪ್ರತಿಯೊಬ್ಬಳನ್ನೂ ಮನಸಾರೆ ಬೈದೆ. ದೊಡ್ಡವಳಿಗೆ ಸ್ವಲ್ಪ ಹೆಚ್ಚು.

ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಹಿಂದಿನ ಬೀದಿಯಲ್ಲಿ ಅವಳ ಮನೆ. ಬಾಗಿಲು ತೆಗೆದವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಹಿಂದಿನ ವರ್ಷದ ಹಸಿರು ಸೀರೆ ಉಟ್ಟಿದ್ದೆ. ಅವಳೂ ಅದನ್ನೇ ಉಟ್ಟಿದ್ದಳು.

"ನಿಮಗೂ ಇದೇನಾ?" ಎಂದಳು. "ನಿಮಗೆ ರೇಷ್ಮೆ ಕೊಡ್ತಾರೆ ಅಂದ್ಕೊಂಡಿದ್ದೆ ನಾನು."

ಮಣೆ ಹಾಕಿ ಕೂರಿಸಿದಳು. ಬಾಗಿನ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ಹೊಸ ಸೀರೆ ಬಿಡಿಸಿ ನೋಡಿದಳು. ಮತ್ತೆ ಹಸಿರು. ಅವಳ ಮುಖ ಸಪ್ಪಗಾಯಿತು.

"ಒಂದ್ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಂಗೆ ಹಸಿರು ಒಪ್ಪೋದೇ ಇಲ್ಲ ಕಣ್ರೀ."

"ಹಂಗಾದ್ರೆ ಅಪ್ಪಂಗೆ ಹೇಳ್ಬೇಕಿತ್ತು," ಎಂದೆ.

"ನಾನ್ ಹೇಳೋಕಾಗುತ್ತಾ? ಕೊಟ್ಟಿದ್ದನ್ನ ಕಣ್ಣಿಗೊತ್ಕೊಂಡು ಇಸ್ಕೋಬೇಕು. ಅಪ್ಪಾಜಿ ಬಂದಾಗೆಲ್ಲ ನಿಮ್ದೇ ಮಾತು. ಅವಳು ಹಿಂಗಂದ್ಲು, ಅವಳು ಬಾಗ್ಲು ಬಡ್ದು ಒಳಗೋದ್ಲು, ಎರಡು ದಿನ ಮಾತು ಬಿಟ್ಟಿದ್ಲು ಅಂತ ನಗ್ನಗ್ತಾ ಹೇಳ್ತಾರೆ. ನಾನು ಅವರ ಮುಂದೆ ಒಂದ್ಸಲ ಮುಖ ಗಂಟು ಹಾಕಿದ್ರೆ, ಎಷ್ಟ್ ಕೊಬ್ಬು ಇವ್ಳಿಗೆ ಅಂತಾರೆ ಜನ. ನಿಮ್ಮನ್ ಕಂಡ್ರೆ ನಂಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ?"

ಅವಳು ಅದನ್ನು ಸಕ್ಕರೆ ಸಾಕಾ ಎಂದು ಕೇಳುವಷ್ಟು ಸಲೀಸಾಗಿ ಹೇಳಿ ಒಳಗೆ ಕಾಫಿಗೆ ಹೋದಳು. ಇಷ್ಟು ವರ್ಷ ನಾನು ಅವಳ ಮೇಲೆ ಉರಿದುಕೊಂಡಿದ್ದರೆ, ಅವಳೂ ಇಲ್ಲಿ ಕೂತು ನನ್ನ ಮೇಲೆ ಅಷ್ಟೇ ಉರಿದುಕೊಂಡಿದ್ದಳು. ಅಪ್ಪ ಅವಳ ಮನೆಯಲ್ಲಿ ನನ್ನ ಸುದ್ದಿ ಹೇಳುತ್ತಾನೆ ಎಂಬುದು ಮಾತ್ರ ಕಾಫಿಗಿಂತ ಸಿಹಿಯಾಗಿತ್ತು.

ಆ ಸಂಜೆ ಹಲಸೂರಿನ ಮನೆಯಲ್ಲಿ ಅಪ್ಪ ವಿಧಾನಸೌಧದಿಂದ ಬರುವುದನ್ನೇ ಕಾದಿದ್ದು ಜಗಳ ತೆಗೆದೆ. "ಎಲ್ರಿಗೂ ಒಂದೇ ಬಣ್ಣ ಯಾಕೆ ತರ್ತೀಯ? ಸಮವಸ್ತ್ರ ಹಂಚ್ತಾ ಇದ್ದೀಯಾ?"

"ಒಬ್ಳಿಗೆ ಹೆಚ್ಚು, ಒಬ್ಳಿಗೆ ಕಮ್ಮಿ ಅನ್ನಿಸ್ಬಾರ್ದು ಅಂತ," ಎಂದ ಅಪ್ಪ.

"ನಿನ್ ದೊಡ್ಡ ಮಗಳಿಗೆ ಹಸಿರು ಸೇರೋದೇ ಇಲ್ವಂತೆ."

ಅವನು ಚಪ್ಪಲಿ ಬಿಡುತ್ತಿದ್ದವನು ಅಲ್ಲೇ ನಿಂತ. "ಹಂಗಂದ್ಲಾ? ನನ್ ಹತ್ರ ಒಂದಿನಾನೂ ಏನೂ ಬೇಡ ಅಂದೋಳಲ್ಲ." ಊಟಕ್ಕೆ ಕೂತಾಗಲೂ ಅದನ್ನೇ ಅಮ್ಮನಿಗೆ ಹೇಳಿದ. ಅಂದು ಸದನದಲ್ಲಿ ನಿವೇಶನದ ಮಾತು ಗೆದ್ದು ಬಂದಿದ್ದ, ಆ ಸುದ್ದಿ ನಮಗೆ ತಿಳಿದದ್ದು ಮರುದಿನ ಜಗಲಿಗೆ ಬಂದವರಿಂದ.

ಮುಂದಿನ ವರ್ಷ ಹಬ್ಬಕ್ಕೆ ಮೊದಲು ಅಪ್ಪ ನನ್ನನ್ನೂ ದೊಡ್ಡ ಮಗಳನ್ನೂ ಶಿವಾಜಿನಗರದ ಅಂಗಡಿಗೆ ಕರೆದುಕೊಂಡು ಹೋದ. "ನಿಮಗಿಷ್ಟ ಆದ್ದು ತೆಗ್ಸಿ ಅಪ್ಪಾಜಿ," ಎಂದು ಅವಳು ಸೆರಗಿನ ತುದಿ ತಿರುಚುತ್ತ ಕೂತಳು. ಅಪ್ಪ ರಾಶಿಯಲ್ಲಿ ಹುಡುಕಿ ಹುಡುಕಿ ಒಂದು ಹಸಿರು ಸೀರೆ ಎಳೆದು ಅವಳ ಮಡಿಲಿಗೆ ಹಾಕಿದ. ಬೇಕೆಂದೇ ಹಾಕಿದನೆಂದು ನನಗೆ ತಕ್ಷಣ ಗೊತ್ತಾಯಿತು.

ಅವಳು ಸೀರೆ ನೋಡಿದಳು, ಅಪ್ಪನನ್ನು ನೋಡಿದಳು, ಸೀರೆಯನ್ನು ತಳ್ಳಿದಳು. "ಬೇಡ ಅಂತ ಗೊತ್ತಿದ್ದೂ ಯಾಕೆ ಇದನ್ನೇ ತೆಗೀತೀರ? ಉಟ್ಟು ಉಟ್ಟು ಸಾಕಾಗಿದೆ ನಂಗೆ. ಒಂದ್ಸಲ ಆದ್ರೂ ಕೇಳಿದ್ದೀರಾ, ನಿಂಗೇನ್ ಬೇಕಮ್ಮ ಅಂತ?" ಧ್ವನಿ ಏರಿತ್ತು. ಸೀರೆ ಬಿಡಿಸುತ್ತಿದ್ದ ಅಂಗಡಿಯವನ ಕೈ ನಿಂತಿತು.

ಅಪ್ಪ ನಗಲು ಶುರುಮಾಡಿದ. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವಷ್ಟು ನಕ್ಕ. "ನೋಡ್ರಿ, ನನ್ ಮಗಳು ನಂಗೆ ಬೈತಿದ್ದಾಳೆ," ಎಂದು ಅಂಗಡಿಯವರಿಗೆ, ಪಕ್ಕದ ಗಿರಾಕಿಗಳಿಗೆ ಹೇಳಿದ. ಅವಳೂ ಅಳುತ್ತಲೇ ನಕ್ಕಳು.

ನಾನು ಕೈಯಲ್ಲೊಂದು ಸೀರೆ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಮಾತು ಬಂದಾಗಿನಿಂದ ಅವನ ಜೊತೆ ಜಗಳವಾಡಿದ್ದೇನೆ. ಒಂದು ಸಲವೂ ಅವನು ನನ್ನೆದುರು ಹಾಗೆ ನಕ್ಕಿರಲಿಲ್ಲ. ಜಗಳವೊಂದಾದರೂ ನನ್ನದು ಎಂದುಕೊಂಡಿದ್ದೆ, ಅದನ್ನೂ ನಾನೇ ಕೈಯಾರೆ ಅವಳಿಗೆ ಕೊಟ್ಟಿದ್ದೆ.